ಕೆಟ್ಟುಹೋದ ಐಫೋನಿನ ಬ್ಯಾಕಪ್ ಲ್ಯಾಪ್‌ಟಾಪಿನಲ್ಲಿದೆ: ಫೋಟೊ, ವೀಡಿಯೊಗಳನ್ನು ಕ್ಲೌಡ್‌ಗೆ ಹಾಕದೆ ಹೊರತೆಗೆಯುವುದು ಹೇಗೆ?

ಡೊಂಬಿವಲಿ ಪೂರ್ವ:
ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಈ ವರ್ಷ ತೀರಿಕೊಂಡರು. ಹುಡುಗನಾಗಿದ್ದಾಗಲೇ ಉಡುಪಿ ಕಡೆಯಿಂದ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಕೊನೆಯವರೆಗೂ ಹವ್ಯಾಸಿ ಅರ್ಥಧಾರಿ, ಅಂದರೆ ತಾಳಮದ್ದಳೆಯಲ್ಲಿ ಪಾತ್ರದ ಮಾತು (ಅರ್ಥ) ಹೇಳುವವರು. ಮಳೆಗಾಲದಲ್ಲಿ ಮಾಟುಂಗಾ, ಕುರ್ಲಾ, ಸಾಂತಾಕ್ರೂಜ್ ಕಡೆಯ ಸಭಾಂಗಣಗಳಲ್ಲಿ ನಡೆಯುವ ತಾಳಮದ್ದಳೆಗಳನ್ನು ಯಾರಾದರೊಬ್ಬರ ಕೈಗೆ ತಮ್ಮ ಐಫೋನ್ ಕೊಟ್ಟು ಚಿತ್ರೀಕರಿಸಿಕೊಳ್ಳುತ್ತಿದ್ದರು. ಅವರ ಧ್ವನಿ, ಅವರ ಮಾತುಗಾರಿಕೆ ಇರುವುದು ಅದರಲ್ಲಿ ಮಾತ್ರ.

ಆ ಫೋನ್ ಮಳೆ ನೀರು ನುಗ್ಗಿ ಕೆಟ್ಟಿದೆ. ಬೋರ್ಡ್ ಸಂಪೂರ್ಣ ಹೋಗಿದೆ ಎಂದು ರಿಪೇರಿಯವರು ಹೇಳಿದರು. ಸಮಾಧಾನದ ಸಂಗತಿಯೆಂದರೆ, ತಮ್ಮ ಅದಕ್ಕೂ ಮೊದಲೇ ಮನೆಯ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಐಟ್ಯೂನ್ಸ್ ಮೂಲಕ ಬ್ಯಾಕಪ್ ಮಾಡಿಟ್ಟಿದ್ದಾನೆ. ಆ ಫೋಲ್ಡರ್ ತೆರೆದರೆ ಫೋಟೊ ಎನ್ನುವಂಥದ್ದು ಒಂದೂ ಕಾಣುವುದಿಲ್ಲ. ಅಂಕಿ, ಅಕ್ಷರ ಬೆರೆತ ಉದ್ದನೆಯ ಹೆಸರುಗಳ ಸಾವಿರಾರು ಕಡತಗಳು, ಯಾವುದಕ್ಕೂ ಜೆಪಿಜಿ, ಎಂಪಿ4 ಎಂಬ ಬಾಲವಿಲ್ಲ. ಒಂದು ಅಂಗಡಿಯವರು ಲ್ಯಾಪ್‌ಟಾಪ್ ಬಿಟ್ಟು ಹೋಗಿ, ನಮ್ಮ ಸರ್ವರಿಗೆ ಹಾಕಿ ತೆಗೆದುಕೊಡುತ್ತೇವೆ ಎಂದರು. ಅಪ್ಪನ ಖಾಸಗಿ ಬದುಕೆಲ್ಲ ಅದರಲ್ಲಿದೆ. ಗುರುತಿಲ್ಲದವರ ಕೈಗೆ ಕೊಡಲು ಮನಸ್ಸಿಲ್ಲ. ಯಾವ ಕ್ಲೌಡ್‌ಗೂ ಹಾಕದೆ, ಮನೆಯಲ್ಲೇ ಕುಳಿತು ಇವನ್ನು ಹೊರತೆಗೆಯಬಹುದೇ? ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಕಂಪ್ಯೂಟರ್ ಬಳಸಬಲ್ಲೆ, ಪ್ರೋಗ್ರಾಮ್ ಬರೆದು ಗೊತ್ತಿಲ್ಲ.

ಗ್ರ್ಯಾಂಟ್ ರೋಡ್ ಸರ್ವಿಸ್:
ಖಂಡಿತ ಆಗುತ್ತದೆ ಮೇಡಂ. ಆದರೆ ಇವತ್ತೇ ಮಾಡಬೇಕಾದದ್ದು ಫೋಟೊ ತೆಗೆಯುವ ಕೆಲಸವಲ್ಲ. ಒಂದು ಹೊರಗಿನ ಹಾರ್ಡ್ ಡಿಸ್ಕ್ ತಂದು ಆ ಬ್ಯಾಕಪ್ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿ. ಮುಂದಿನ ಪ್ರಯೋಗಗಳೆಲ್ಲ ನಕಲಿನ ಮೇಲೆ ನಡೆಯಲಿ, ಮೂಲವನ್ನು ಯಾರೂ ಮುಟ್ಟಬಾರದು. ನನ್ನ ಬಳಿಗೆ ಬರುವವರಲ್ಲಿ ಬಹಳ ಜನರ ಫೋನ್ ಮೊದಲು ಹೋಗಿರುತ್ತದೆ, ಆಮೇಲೆ ಬ್ಯಾಕಪ್ ಇದ್ದ ಹಳೆಯ ಲ್ಯಾಪ್‌ಟಾಪಿನ ಡಿಸ್ಕೂ ಕೈಕೊಟ್ಟಿರುತ್ತದೆ. ಈಗ ನಿಮ್ಮ ತಂದೆಯವರ ವೀಡಿಯೊಗಳು ಇರುವುದು ಜಗತ್ತಿನಲ್ಲಿ ಒಂದೇ ಕಡೆ ಎಂಬುದನ್ನು ಮರೆಯಬೇಡಿ.

ಫೋಲ್ಡರ್ ಇರುವ ಜಾಗ ಎರಡು ಬಗೆ. ಆಪಲ್‌ನ ತಾಣದಿಂದ ಐಟ್ಯೂನ್ಸ್ ಇಳಿಸಿಕೊಂಡಿದ್ದರೆ ಬಳಕೆದಾರರ ಫೋಲ್ಡರಿನ ಆ್ಯಪ್‌ಡೇಟಾ, ರೋಮಿಂಗ್, ಆಪಲ್ ಕಂಪ್ಯೂಟರ್ ದಾರಿಯಲ್ಲಿ ಮೊಬೈಲ್‌ಸಿಂಕ್ ಎಂಬುದರೊಳಗೆ ಬ್ಯಾಕಪ್ ಇರುತ್ತದೆ. ಮೈಕ್ರೋಸಾಫ್ಟ್ ಸ್ಟೋರಿನಿಂದ ಹಾಕಿಕೊಂಡಿದ್ದರೆ ಬಳಕೆದಾರರ ಫೋಲ್ಡರಿನಲ್ಲೇ ಆಪಲ್ ಎಂಬ ಫೋಲ್ಡರ್, ಅದರೊಳಗೆ ಮೊಬೈಲ್‌ಸಿಂಕ್. ಮ್ಯಾಕ್ ಇರುವವರಿಗೆ ಲೈಬ್ರರಿಯ ಅಪ್ಲಿಕೇಶನ್ ಸಪೋರ್ಟ್‌ನಲ್ಲಿ ಅದೇ ಹೆಸರು ಸಿಗುತ್ತದೆ. 2019ರ ಕ್ಯಾಟಲೀನಾ ಆವೃತ್ತಿಯಿಂದ ಮ್ಯಾಕ್‌ನಲ್ಲಿ ಐಟ್ಯೂನ್ಸ್ ಇಲ್ಲ, ಆ ಕೆಲಸ ಮ್ಯಾಕ್‌ನಲ್ಲಿ ಕಡತಗಳನ್ನು ತೋರಿಸುವ ಫೈಂಡರ್‌ಗೆ ಬಂದಿದೆ. ಬ್ಯಾಕಪ್ ಕೂರುವ ಜಾಗ ಮಾತ್ರ ಬದಲಾಗಿಲ್ಲ.

ಇನ್ನೊಂದು ವಿಷಯ. ಹುಡುಕಿದರೆ ‘ಉಚಿತ’ ಎಂದು ಹೇಳಿಕೊಳ್ಳುವ ತಂತ್ರಾಂಶಗಳು ರಾಶಿ ಸಿಗುತ್ತವೆ. ಬ್ಯಾಕಪ್ಪನ್ನು ತಮ್ಮ ತಾಣಕ್ಕೆ ಏರಿಸಲು ಹೇಳುವ ಯಾವುದನ್ನೂ ನಂಬಬೇಡಿ. ಯಾವ ತಂತ್ರಾಂಶವಾದರೂ ಇರಲಿ, ಹಾಕಿಕೊಂಡ ಮೇಲೆ ವೈಫೈ ಆರಿಸಿಯೇ ಕೆಲಸ ಮಾಡಿ. ಇಂಟರ್ನೆಟ್ ಇಲ್ಲದೆ ನಡೆಯಲಾರೆ ಎಂದು ಹಟ ಹಿಡಿದರೆ ಅದನ್ನು ತೆಗೆದುಹಾಕಿ.

ಹಡಪ್ಸರ್ ಎಂಜಿನಿಯರ್:
ಪುಣೆಯಿಂದ ಬರೆಯುತ್ತಿದ್ದೇನೆ. ನೀವು ಕಂಡ ಆ ವಿಚಿತ್ರ ಹೆಸರುಗಳ ಹಿಂದೆ ಶಿಸ್ತಾದ ಏರ್ಪಾಡಿದೆ. ಅದು ತಿಳಿದರೆ ಅರ್ಧ ಭಯ ಹೋಗುತ್ತದೆ.

ಮುಂಬಯಿಯ ಧೋಬಿ ಪ್ರತಿಯೊಂದು ಬಟ್ಟೆಯ ಮೂಲೆಗೆ ಒಂದು ಗುರುತು ಹಾಕುತ್ತಾನಲ್ಲ, ಹಾಗೆಯೇ ಇದು. ಗುರುತು ನೋಡಿದರೆ ನಮಗೇನೂ ತಿಳಿಯದು, ಯಾವ ಮನೆಯ ಬಟ್ಟೆ ಎಂಬುದು ಅವನ ಪುಸ್ತಕಕ್ಕೆ ಗೊತ್ತು. ಬ್ಯಾಕಪ್ ಫೋಲ್ಡರಿನಲ್ಲಿ ಆ ಪುಸ್ತಕದ ಹೆಸರು ಮ್ಯಾನಿಫೆಸ್ಟ್ ಡಿಬಿ. ಫೋನಿನಲ್ಲಿ ಕಡತ ಯಾವ ವಿಭಾಗದಲ್ಲಿ, ಯಾವ ದಾರಿಯಲ್ಲಿತ್ತೋ ಆ ಎರಡನ್ನೂ ಜೋಡಿಸಿ, ಎಸ್‌ಎಚ್‌ಎ-1 ಎಂಬ ಗಣಿತದ ಮೂಲಕ ಹಾಯಿಸಿದರೆ 40 ಅಕ್ಷರಗಳ ಹೆಸರು ಬರುತ್ತದೆ. ಕಡತಕ್ಕೆ ಅದೇ ಹೆಸರು. ಆ ಹೆಸರಿನ ಮೊದಲ ಎರಡು ಅಕ್ಷರಗಳ ಪ್ರಕಾರ ಅದನ್ನು ಉಪಫೋಲ್ಡರುಗಳಿಗೆ ಹಂಚಿರುತ್ತದೆ. ಐಫೋನನ್ನು ನಡೆಸುವ ಮೂಲ ತಂತ್ರಾಂಶವಾದ ಐಒಎಸ್‌ನ 10ನೇ ಆವೃತ್ತಿಯಿಂದ ನಡೆದುಬಂದಿರುವ ಕ್ರಮ ಇದು. ಕಡತದ ಒಳಗಿನ ಫೋಟೊ ಮಾತ್ರ ಮೂಲ ಫೋಟೊವೇ. ಬ್ಯಾಕಪ್‌ಗೆ ಪಾಸ್‌ವರ್ಡ್ ಹಾಕಿಲ್ಲದಿದ್ದರೆ ಒಂದು ಬೈಟ್ ಕೂಡ ಬದಲಾಗಿರುವುದಿಲ್ಲ.

ಮ್ಯಾನಿಫೆಸ್ಟ್ ಒಂದು ಎಸ್‌ಕ್ಯೂಲೈಟ್ ದತ್ತಸಂಚಯ. ಅದನ್ನು ತೆರೆದು ನೋಡಲು ‘ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್’ ಎಂಬ ಮುಕ್ತ ತಂತ್ರಾಂಶ ಸಾಕು. ಅದರಲ್ಲಿ ಫೈಲ್ಸ್ ಎಂಬ ಕೋಷ್ಟಕವಿದೆ. ಒಂದು ಸಾಲಿನಲ್ಲಿ ಆ 40 ಅಕ್ಷರಗಳ ಹೆಸರು, ಅದರ ಪಕ್ಕ ವಿಭಾಗ, ಅದರ ಪಕ್ಕ ಫೋನಿನೊಳಗಿದ್ದ ದಾರಿ. ಕ್ಯಾಮೆರಾದ ಫೋಟೊ, ವೀಡಿಯೊಗಳೆಲ್ಲ ‘ಕ್ಯಾಮೆರಾ ರೋಲ್ ಡೊಮೈನ್’ ಎಂಬ ವಿಭಾಗದಲ್ಲಿ, ಮೀಡಿಯಾ, ಡಿಸಿಐಎಂ ಎಂಬ ದಾರಿಯಲ್ಲಿರುತ್ತವೆ. ಆ ವಿಭಾಗವನ್ನು ಮಾತ್ರ ಸೋಸಿ ನೋಡಿ. ಪಟ್ಟಿ ಉದ್ದವಾಗಿ ಬಂದರೆ ನಿಮ್ಮ ತಂದೆಯವರ ವೀಡಿಯೊಗಳು ಅಲ್ಲಿವೆ ಎಂದೇ ಅರ್ಥ.

ತೀರ ಚಿಕ್ಕ ಪಟ್ಟಿ ಬಂದರೆ ಮಾತ್ರ ಕೆಟ್ಟ ಸುದ್ದಿ. ಫೋನಿನಲ್ಲಿ ಐಕ್ಲೌಡ್ ಫೋಟೋಸ್ ಚಾಲೂ ಇದ್ದಿದ್ದರೆ, ಅಲ್ಲಿಗೆ ಏರಿದ ಫೋಟೊಗಳನ್ನು ಕಂಪ್ಯೂಟರಿನ ಬ್ಯಾಕಪ್ ಸೇರಿಸಿಕೊಳ್ಳುವುದಿಲ್ಲ. ಬ್ಯಾಕಪ್ ಮಾಡಿದ್ದೇವೆ, ಎಲ್ಲವೂ ಇದೆ ಎಂದು ನೆಮ್ಮದಿಯಿಂದಿರುವವರು ಒಮ್ಮೆ ಇದನ್ನು ಪರಿಶೀಲಿಸಲೇಬೇಕು.

ಡೊಂಬಿವಲಿ ಪೂರ್ವ:
ಇಬ್ಬರಿಗೂ ಧನ್ಯವಾದ. ಅಪ್ಪನ ಐಕ್ಲೌಡಿನ ಉಚಿತ 5 ಜಿಬಿ ಯಾವಾಗಲೋ ತುಂಬಿತ್ತು. ದುಡ್ಡು ಕೊಟ್ಟು ಜಾಗ ಕೊಳ್ಳಲು ಅವರು ಒಪ್ಪಲಿಲ್ಲ, ಫೋಟೊ ಏರಿಸುವುದನ್ನು ಆರಿಸಿಯೇ ಇಟ್ಟಿದ್ದರು. ಈಗ ಅದೇ ಒಳ್ಳೆಯದಾಯಿತು ಅನಿಸುತ್ತದೆ. ಹಾರ್ಡ್ ಡಿಸ್ಕ್ ತಂದು ನಕಲು ಮಾಡಲು ಇಟ್ಟಿದ್ದೇನೆ. ಬ್ಯಾಕಪ್‌ಗೆ ಪಾಸ್‌ವರ್ಡ್ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ತಮ್ಮನಿಗೆ ನೆನಪಿಲ್ಲ.

ಹಡಪ್ಸರ್ ಎಂಜಿನಿಯರ್:
ಐಟ್ಯೂನ್ಸ್‌ನ ಪ್ರಿಫರೆನ್ಸಸ್‌ನಲ್ಲಿ ಡಿವೈಸಸ್ ಪುಟ ತೆರೆಯಿರಿ. ಬ್ಯಾಕಪ್‌ಗಳ ಪಟ್ಟಿ ಕಾಣುತ್ತದೆ. ಹೆಸರಿನ ಪಕ್ಕ ಬೀಗದ ಚಿಹ್ನೆ ಇದ್ದರೆ ಪಾಸ್‌ವರ್ಡ್ ಇದೆ. ಬೀಗ ಇಲ್ಲದಿದ್ದರೆ ಮ್ಯಾನಿಫೆಸ್ಟ್ ನೇರವಾಗಿ ತೆರೆದುಕೊಳ್ಳುತ್ತದೆ. ಇದ್ದರೆ ಮ್ಯಾನಿಫೆಸ್ಟೂ ಗೂಢಲಿಪಿಯಲ್ಲಿರುತ್ತದೆ, ಡಿಬಿ ಬ್ರೌಸರ್ ಅದನ್ನು ಓದಲಾರದು.

ಬೀಗವಿದ್ದ ಪಕ್ಷದಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಅದು ಆಪಲ್ ಐಡಿಯ ಪಾಸ್‌ವರ್ಡ್ ಅಲ್ಲ. ಮೊದಲ ಬಾರಿ ‘ಎನ್‌ಕ್ರಿಪ್ಟ್’ ಎಂದು ಒತ್ತಿದಾಗ ಟೈಪು ಮಾಡಿದ್ದೇ ಅದು. ಕೆಲವರು ಫೋನಿನ ಲಾಕ್ ಸಂಖ್ಯೆಯನ್ನೇ ಇಟ್ಟಿರುತ್ತಾರೆ, ಕೆಲವರು ಲ್ಯಾಪ್‌ಟಾಪಿನದನ್ನು. ಇವನ್ನೆಲ್ಲ ನೀವೇ ಟೈಪು ಮಾಡಿ ನೋಡಿ. ಆಪಲ್ ಕೂಡ ಅದನ್ನು ತೆಗೆದುಕೊಡಲಾರದು. ಐಒಎಸ್ 10.2ರಿಂದ ಈಚೆಗೆ ಪಾಸ್‌ವರ್ಡನ್ನು ಒಂದು ಕೋಟಿ ಬಾರಿ ಮರುಗಣಿಸಿ ಕೀಲಿ ತಯಾರಿಸುತ್ತದೆ, ಆದ್ದರಿಂದ ಯಂತ್ರಕ್ಕೂ ಒಂದೊಂದು ಊಹೆಗೆ ಹೊತ್ತು ಹಿಡಿಯುತ್ತದೆ. ‘ಗ್ಯಾರಂಟಿ ಒಡೆದುಕೊಡುತ್ತೇವೆ’ ಎನ್ನುವವರಿಗೆ ಮುಂಗಡ ಕೊಡಬೇಡಿ. ಮ್ಯಾಕ್‌ನಲ್ಲಿ ಬ್ಯಾಕಪ್ ಮಾಡಿದವರಿಗೆ ಒಂದು ಅವಕಾಶ ಹೆಚ್ಚು: ಆಗ ‘ನೆನಪಿಟ್ಟುಕೊ’ ಎಂದು ಗುರುತು ಹಾಕಿದ್ದರೆ ಮ್ಯಾಕ್ ಪಾಸ್‌ವರ್ಡ್‌ಗಳನ್ನು ಉಳಿಸಿಡುವ ಕೀಚೈನ್‌ನಲ್ಲಿ ಅದು ಸಿಗಬಹುದು.

ಹಾಗೆಂದು ಬೀಗ ಹಾಕುವುದೇ ತಪ್ಪು ಎನ್ನುತ್ತಿಲ್ಲ. ಉಳಿಸಿದ ಪಾಸ್‌ವರ್ಡ್‌ಗಳು, ಆರೋಗ್ಯದ ಮಾಹಿತಿ, ಕರೆಗಳ ಇತಿಹಾಸ ಬ್ಯಾಕಪ್ಪಿನಲ್ಲಿ ಬರುವುದೇ ಬೀಗ ಹಾಕಿದಾಗ. ಕಳ್ಳತನವಾದ ಲ್ಯಾಪ್‌ಟಾಪಿನಿಂದ ಮನೆಯ ಫೋಟೊಗಳು ಹೊರಬೀಳದಂತೆ ಕಾಯುವುದೂ ಅದೇ. ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಪಾಸ್‌ಬುಕ್, ರೇಷನ್ ಕಾರ್ಡ್ ಇಡುವ ಕಡೆ ಇಡಬೇಕು, ಅಷ್ಟೆ.

ಠಾಣೆಯ ಓದುಗ:
ಎಲ್ಲರ ಶ್ರಮಕ್ಕೂ ಗೌರವವಿದೆ. ಆದರೂ ಕೇಳುತ್ತೇನೆ: ತಿಂಗಳಿಗೆ ಸ್ವಲ್ಪ ಹಣ ಕಟ್ಟಿ ಕ್ಲೌಡ್‌ನಲ್ಲಿ ಇಟ್ಟಿದ್ದರೆ ಈ ಕಷ್ಟವೇ ಇರುತ್ತಿರಲಿಲ್ಲವಲ್ಲ? ಫೋನ್ ನೀರಿಗೆ ಬಿದ್ದರೂ ಹೊಸ ಫೋನಿನಲ್ಲಿ ಎಲ್ಲ ಬರುತ್ತಿತ್ತು. ವಯಸ್ಸಾದವರಿಗೆ ಲ್ಯಾಪ್‌ಟಾಪ್, ಕೇಬಲ್, ಹಾರ್ಡ್ ಡಿಸ್ಕ್ ಎಂದರೆ ಆಗುವ ಮಾತೇ? ಮಕ್ಕಳು ಬೇರೆ ಊರಿನಲ್ಲಿದ್ದರೆ ಬ್ಯಾಕಪ್ ಮಾಡಿಕೊಡುವವರು ಯಾರು?

ಕಲೀನಾ ಹಿರಿಯ:
ನಿಮ್ಮ ಪ್ರಶ್ನೆ ನ್ಯಾಯವಾದದ್ದು. ತಾನಾಗಿಯೇ ನಡೆಯುವ ವ್ಯವಸ್ಥೆ ಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಬಾಡಿಗೆಯ ಕೋಣೆಯ ಷರತ್ತು ಮಾಲೀಕನ ಕೈಯಲ್ಲಿರುತ್ತದೆ. ಗೂಗಲ್ ಫೋಟೋಸ್ ಮಿತಿಯಿಲ್ಲದೆ ಉಚಿತ ಎಂದು ನಂಬಿ ಎಷ್ಟೋ ಮನೆಗಳು ಎಲ್ಲವನ್ನೂ ಅಲ್ಲಿ ಸುರಿದವು. 2021ರ ಜೂನ್ 1ರಿಂದ ಆ ಸೌಲಭ್ಯ ನಿಂತಿತು, ಹೊಸ ಫೋಟೊಗಳೆಲ್ಲ ಮೇಲ್, ಡ್ರೈವ್ ಜೊತೆ ಹಂಚಿಕೊಳ್ಳುವ 15 ಜಿಬಿಯೊಳಗೆ ಬಂದವು. ಎರಡು ವರ್ಷ ಬಳಸದೆ ಬಿಟ್ಟ ಖಾತೆಗಳನ್ನು ಅಳಿಸುವ ನಿಯಮವೂ ಬಂದಿದೆ. 2023ರ ಡಿಸೆಂಬರಿನಿಂದ ಅದು ಜಾರಿಯಲ್ಲಿದೆ. ತೀರಿಕೊಂಡವರ ಖಾತೆಗೆ ಯಾರು ಲಾಗಿನ್ ಆಗುತ್ತಾರೆ? ಆಪಲ್‌ನಲ್ಲಿ 2021ರ ಕೊನೆಯಿಂದ ‘ಲೆಗಸಿ ಕಾಂಟ್ಯಾಕ್ಟ್’ ಎಂಬ ಏರ್ಪಾಡಿದೆ, ಆದರೆ ಬದುಕಿರುವಾಗಲೇ ಹೆಸರು ಸೂಚಿಸಿರಬೇಕು. ನಮ್ಮ ಹಿರಿಯರಲ್ಲಿ ಎಷ್ಟು ಜನ ಸೂಚಿಸಿದ್ದಾರೆ?

ಕ್ಲೌಡ್ ಬಳಸುವವರು ಬಳಸಲಿ. ಮನೆಯಲ್ಲೂ ಒಂದು ಪ್ರತಿ ಇರಲಿ ಎನ್ನುವುದಷ್ಟೇ ನನ್ನ ಹಟ.

ವಾಸ್ಕೊ ಶಿಕ್ಷಕಿ:
ನಾನು ಗೋವೆಯಲ್ಲಿ ಕನ್ನಡ ಮಕ್ಕಳಿಗೆ ಪಾಠ ಹೇಳುವವಳು. ಈ ಚರ್ಚೆಯೆಲ್ಲ ಐಫೋನಿನದ್ದಾಯಿತು. ನಮ್ಮ ಕಡೆ ಎಲ್ಲರ ಕೈಯಲ್ಲೂ ಆ್ಯಂಡ್ರಾಯ್ಡ್. ನನ್ನ ಫೋನಿನ ಪರದೆ ಒಡೆದಿದೆ, ಅರ್ಧ ಕಪ್ಪಾಗಿದೆ, ಬೆರಳಿಟ್ಟರೆ ಕೆಲಸ ಮಾಡುವುದಿಲ್ಲ. ಶಾಲೆಯ ರಾಜ್ಯೋತ್ಸವದ ಫೋಟೊಗಳೆಲ್ಲ ಅದರಲ್ಲಿವೆ, ವಾಟ್ಸ್ಆ್ಯಪ್‌ನಲ್ಲಿ ಪಾಲಕರು ಕಳಿಸಿದವೂ ಸೇರಿ. ಏನು ಮಾಡಬೇಕು?

ಗ್ರ್ಯಾಂಟ್ ರೋಡ್ ಸರ್ವಿಸ್:
ಟೀಚರ್, ನಿಮ್ಮದು ಸುಲಭದ ಪ್ರಕರಣ. ಫೋನ್ ಜೀವಂತ ಇರುವಾಗ ಬ್ಯಾಕಪ್ ಒಡೆಯುವ ಅಗತ್ಯವೇ ಇಲ್ಲ. ಒಟಿಜಿ ಅಡಾಪ್ಟರ್ ಎಂದು ಕೇಳಿ, ಯಾವ ಮೊಬೈಲ್ ಅಂಗಡಿಯಲ್ಲಾದರೂ ಸಿಗುತ್ತದೆ. ಅದಕ್ಕೆ ಕಂಪ್ಯೂಟರಿನ ಸಾಮಾನ್ಯ ಮೌಸ್ ಚುಚ್ಚಿದರೆ ಪರದೆಯ ಮೇಲೆ ಬಾಣದ ಗುರುತು ಬರುತ್ತದೆ. ಅದರಿಂದ ಲಾಕ್ ತೆರೆಯಿರಿ. ಆಮೇಲೆ ಯುಎಸ್‌ಬಿ ಕೇಬಲಿನಿಂದ ಕಂಪ್ಯೂಟರಿಗೆ ಜೋಡಿಸಿ, ಫೋನಿನಲ್ಲಿ ‘ಫೈಲ್ ಟ್ರಾನ್ಸ್‌ಫರ್’ ಆಯ್ದುಕೊಳ್ಳಿ. ಇದೂ ಅದೇ ಕಿಂಡಿಯಾದ್ದರಿಂದ ಮೌಸ್ ತೆಗೆದು ಕೇಬಲ್ ಹಾಕಬೇಕಾಗುತ್ತದೆ, ನಡುವೆ ಪರದೆ ಲಾಕ್ ಆಗದಂತೆ ಸೆಟ್ಟಿಂಗ್‌ನಲ್ಲಿ ಸ್ಕ್ರೀನ್ ಆರುವ ಸಮಯವನ್ನು ಹೆಚ್ಚಿಸಿಕೊಳ್ಳಿ. ಕೇಬಲ್ ಹಾಕಿದ ಮೇಲೆ ‘ಫೈಲ್ ಟ್ರಾನ್ಸ್‌ಫರ್’ ಒತ್ತಲು ಬೆರಳು ನಡೆಯದಿದ್ದರೆ, ಮೊದಲೇ ಈ ಮೌಸ್‌ನಿಂದ ಒಂದು ಬ್ಲೂಟೂತ್ ಮೌಸ್ ಜೋಡಿಸಿಕೊಳ್ಳಿ, ಆಗ ಈ ತಾಪತ್ರಯವಿಲ್ಲ.

ಕ್ಯಾಮೆರಾದ ಫೋಟೊಗಳು ಡಿಸಿಐಎಂ ಫೋಲ್ಡರಿನಲ್ಲಿ ನೇರವಾಗಿ ಸಿಗುತ್ತವೆ. ವಾಟ್ಸ್ಆ್ಯಪ್‌ನವು ಈಗಿನ ಫೋನುಗಳಲ್ಲಿ ಬೇರೆ ಕಡೆ ಇವೆ. ಮೊದಲು ಹೊರಗೇ ವಾಟ್ಸ್ಆ್ಯಪ್ ಎಂಬ ಫೋಲ್ಡರ್ ಕಾಣುತ್ತಿತ್ತು. ಆ್ಯಂಡ್ರಾಯ್ಡ್ 11ರ ಕಾಲದಿಂದ ‘ಆ್ಯಂಡ್ರಾಯ್ಡ್’ ಎಂಬ ಫೋಲ್ಡರಿನೊಳಗೆ ‘ಮೀಡಿಯಾ’, ಅದರೊಳಗೆ ವಾಟ್ಸ್ಆ್ಯಪ್ ಹೆಸರಿನದು, ಹೀಗೆ ಒಳಗೊಳಗೆ ಹೋಗಿದೆ. ಬಹಳ ಜನ ಡಿಸಿಐಎಂ ಒಂದನ್ನೇ ನಕಲು ಮಾಡಿ ಫೋನ್ ರೀಸೆಟ್ ಮಾಡಿಬಿಡುತ್ತಾರೆ, ವಾಟ್ಸ್ಆ್ಯಪ್‌ನದೆಲ್ಲ ಹೋಗುತ್ತದೆ. ಅದನ್ನು ಬಿಡಬೇಡಿ.

ಹಡಪ್ಸರ್ ಎಂಜಿನಿಯರ್:
ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಆ್ಯಂಡ್ರಾಯ್ಡ್ ಫೋನಿನ ಕಂಪನಿಗಳ ಬ್ಯಾಕಪ್ ತಂತ್ರಾಂಶಗಳು ಕೊಡುವ ಕಡತಗಳು ಮುಖ್ಯವಾಗಿ ಅದೇ ಕಂಪನಿಯ ಇನ್ನೊಂದು ಫೋನಿಗೆ ಮರಳಿಸಲೆಂದು ಇರುವವು. ಅವುಗಳ ಮೇಲೆಯೇ ಫೋಟೊಗಳ ಭಾರ ಹಾಕಬೇಡಿ, ಫೋಟೊಗಳನ್ನು ಬೇರೆಯಾಗಿ ಸಾದಾ ಕಡತಗಳಾಗಿ ತೆಗೆದಿಡಿ. ಕಂಪ್ಯೂಟರಿನಿಂದ ಆ್ಯಂಡ್ರಾಯ್ಡ್ ಫೋನಿಗೆ ಆಜ್ಞೆ ಕೊಡುವ ಎಡಿಬಿ ಎಂಬ ತಂತ್ರಾಂಶದಿಂದ ಮಾಡಿದ ಹಳೆಯ ಬ್ಯಾಕಪ್, ಎಬಿ ಎಂಬ ಬಾಲದ ಕಡತ, ಯಾರ ಬಳಿಯಾದರೂ ಇದ್ದರೆ ಎಸೆಯಬೇಡಿ. ಚಿಕ್ಕ ತಲೆಬರಹ ತೆಗೆದರೆ ಅದರೊಳಗಿರುವುದು ಕುಗ್ಗಿಸಿದ ಟಾರ್ ಕಡತ, ಅಂದರೆ ಹಲವು ಕಡತಗಳನ್ನು ಕಟ್ಟಿದ ಒಂದು ಗಂಟು. ‘ಆ್ಯಂಡ್ರಾಯ್ಡ್ ಬ್ಯಾಕಪ್ ಎಕ್ಸ್‌ಟ್ರ್ಯಾಕ್ಟರ್’ ಎಂಬ ಮುಕ್ತ ತಂತ್ರಾಂಶ ಅದನ್ನು ಬಿಚ್ಚುತ್ತದೆ. ಬ್ಯಾಕಪ್ ಮಾಡುವಾಗ ‘ಶೇರ್ಡ್’ ಎಂಬ ಆಯ್ಕೆ ಕೊಟ್ಟಿದ್ದರೆ ಫೋಟೊಗಳೂ ಅದರಲ್ಲಿರುತ್ತವೆ.

ಡೊಂಬಿವಲಿ ಪೂರ್ವ:
ಬೀಗ ಇಲ್ಲ! ಮ್ಯಾನಿಫೆಸ್ಟ್ ತೆರೆಯಿತು. ಕ್ಯಾಮೆರಾ ರೋಲ್ ಎಂದು ಸೋಸಿದರೆ ಪಟ್ಟಿ ಇಳಿದಷ್ಟೂ ಇಳಿಯುತ್ತಿದೆ, ಎಂಒವಿ ಎಂಬ ಬಾಲದ ಸಾಲುಗಳೂ ಇವೆ. ಒಂದನ್ನು ಹುಡುಕಿ, ನಕಲು ಮಾಡಿ, ಹೆಸರಿನ ಕೊನೆಗೆ ಎಂಒವಿ ಸೇರಿಸಿದೆ. ಅಪ್ಪ ಮಾತನಾಡಿದರು. ಅಮ್ಮ ಅಡುಗೆಮನೆಯಿಂದ ಓಡಿ ಬಂದರು.

ಆದರೆ ಹೀಗೆ ಒಂದೊಂದಾಗಿ ಮಾಡಿದರೆ ಮುಗಿಯುವಂತಿಲ್ಲ. ಎಲ್ಲವನ್ನೂ ಒಟ್ಟಿಗೆ ತೆಗೆಯುವ ದಾರಿ ಹೇಳಿ.

ಹಡಪ್ಸರ್ ಎಂಜಿನಿಯರ್:
ಬಹಳ ಸಂತೋಷವಾಯಿತು. ಮೂರು ದಾರಿಗಳಿವೆ, ನಿಮಗೆ ಯಾವುದು ಒಗ್ಗುತ್ತದೋ ನೋಡಿ.

ಹಣ ಕೊಟ್ಟು ಕೊಳ್ಳುವ ಐಮೇಜಿಂಗ್‌ನಂಥ ತಂತ್ರಾಂಶಗಳು ಬ್ಯಾಕಪ್ಪನ್ನು ತೆರೆದು, ಫೋಟೊಗಳನ್ನು ಆಲ್ಬಮ್ ಸಹಿತ ತೋರಿಸಿ, ನಿಮ್ಮ ಕಂಪ್ಯೂಟರಿನಲ್ಲೇ ಹೊರತೆಗೆಯುತ್ತವೆ. ಬೀಗ ಹಾಕಿದ ಬ್ಯಾಕಪ್‌ಗೂ ಆಗುತ್ತದೆ, ಪಾಸ್‌ವರ್ಡ್ ಗೊತ್ತಿದ್ದರೆ. ಸಮಯ ಇಲ್ಲದವರಿಗೆ ಇದು ಸರಿ.

ಎರಡನೆಯದು, ಇನ್ನೊಂದು ಐಫೋನಿಗೆ ಈ ಬ್ಯಾಕಪ್ಪನ್ನು ರೀಸ್ಟೋರ್ ಮಾಡುವುದು. ಆ ಫೋನಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಆದ್ದರಿಂದ ಬಳಸದೆ ಇಟ್ಟ ಫೋನೇ ಆಗಬೇಕು. ಅದರ ಐಒಎಸ್ ಆವೃತ್ತಿ ತಂದೆಯವರ ಫೋನಿನದಕ್ಕಿಂತ ಹಳೆಯದಾಗಿರಕೂಡದು. ಆಮೇಲೆ ಆಪಲ್ ಐಡಿಗೆ ಲಾಗಿನ್ ಆಗುವ ಹಂತವನ್ನು ಮಾಡದೆ ಬಿಟ್ಟು ಮುಂದೆ ಹೋಗಿ, ಇಲ್ಲದಿದ್ದರೆ ಎಲ್ಲವೂ ಕ್ಲೌಡ್‌ಗೆ ಏರಲು ಶುರುವಾಗಬಹುದು.

ಮೂರನೆಯದು ನನಗೆ ಇಷ್ಟವಾದದ್ದು: ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಪುಟ್ಟ ಪ್ರೋಗ್ರಾಮ್. ಮ್ಯಾನಿಫೆಸ್ಟಿನ ಪ್ರತಿ ಸಾಲು ಓದುವುದು, 40 ಅಕ್ಷರಗಳ ಕಡತವನ್ನು ಹುಡುಕುವುದು, ಅದರ ಹಳೆಯ ಹೆಸರು, ಹಳೆಯ ಫೋಲ್ಡರಿನಲ್ಲಿ ನಕಲು ಮಾಡುವುದು. ಇಷ್ಟೇ ಅದರ ಕೆಲಸ. ಬರೆದು ಕಳಿಸುತ್ತೇನೆ, ನಿಮ್ಮ ತಮ್ಮ ಓಡಿಸಲಿ. ಓಡಿಸುವ ಮೊದಲು ಒಂದೊಂದು ಸಾಲನ್ನೂ ಓದಿ ಅರ್ಥ ಮಾಡಿಕೊಳ್ಳಿ ಎಂದು ಅವರಿಗೆ ಹೇಳಿ. ನಾನು ಕೊಟ್ಟದ್ದೆಂದು ಕಣ್ಣು ಮುಚ್ಚಿ ಓಡಿಸುವುದು ಬೇಡ.

ಒಂದು ಎಚ್ಚರಿಕೆ. ಐಫೋನ್ ತನ್ನ ಫೋಟೊಗಳಿಗೆ ಐಎಂಜಿ 0001ರಿಂದ 9999ರವರೆಗೆ ಸಂಖ್ಯೆ ಕೊಟ್ಟು, ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಎಲ್ಲವನ್ನೂ ಒಂದೇ ಫೋಲ್ಡರಿಗೆ ಸುರಿದರೆ ಒಂದೇ ಹೆಸರಿನ ಎರಡು ಫೋಟೊಗಳಲ್ಲಿ ಒಂದು ಇನ್ನೊಂದನ್ನು ನುಂಗುತ್ತದೆ. 100 ಆಪಲ್, 101 ಆಪಲ್ ಎಂಬ ಫೋಲ್ಡರುಗಳನ್ನು ಹಾಗೆಯೇ ಉಳಿಸಿಕೊಳ್ಳಿ.

ನೆರೂಲ್ ಛಾಯಾಗ್ರಾಹಕ:
ಹೊರತೆಗೆದ ಮೇಲಿನ ಕಷ್ಟಗಳ ಬಗ್ಗೆ ನಾನು ಹೇಳುತ್ತೇನೆ. ಮದುವೆ, ಉಪನಯನಗಳ ಫೋಟೊ ತೆಗೆಯುವುದು ನನ್ನ ವೃತ್ತಿ, ಜನರ ಫೋನಿನ ಫೋಟೊಗಳನ್ನು ಜೋಡಿಸಿಕೊಡುವ ಕೆಲಸವೂ ಬರುತ್ತದೆ.

2017ರ ಐಒಎಸ್ 11ರಿಂದ ಹೆಚ್ಚಿನ ಐಫೋನುಗಳು ಫೋಟೊಗಳನ್ನು ಎಚ್‌ಇಐಸಿ ರೂಪದಲ್ಲಿ, ವೀಡಿಯೊಗಳನ್ನು ಎಚ್‌ಇವಿಸಿ ರೂಪದಲ್ಲಿ ಇಡುತ್ತವೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಅವು ತೆರೆಯದಿದ್ದರೆ ಕಡತ ಕೆಟ್ಟಿದೆ ಎಂದು ಅಳಿಸಬೇಡಿ. ವಿಎಲ್‌ಸಿ ಎಂಬ ಉಚಿತ ವೀಡಿಯೊ ಪ್ಲೇಯರ್ ಹಾಕಿಕೊಂಡರೆ ವೀಡಿಯೊ ಓಡುತ್ತದೆ. ಫೋಟೊಗಳಿಗೆ ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ವಿಸ್ತರಣೆ ಸಿಗುತ್ತದೆ. ಎಲ್ಲರಿಗೂ ಹಂಚಲು ಜೆಪಿಜಿ ಪ್ರತಿ ಬೇಕಾದರೆ ಬೇರೆಯಾಗಿ ಮಾಡಿಕೊಳ್ಳಿ, ಮೂಲವನ್ನು ಬದಲಾಯಿಸಬೇಡಿ. ಒಂದು ಫೋಟೊ, ಅದೇ ಹೆಸರಿನ ಎರಡು ಮೂರು ಸೆಕೆಂಡಿನ ವೀಡಿಯೊ ಜೋಡಿಯಾಗಿ ಕಂಡರೆ ಅದು ಲೈವ್ ಫೋಟೊ. ಕಸವೆಂದು ವೀಡಿಯೊಗಳನ್ನು ಎಸೆಯುವವರಿದ್ದಾರೆ. ಎಎಇ ಎಂಬ ಪುಟ್ಟ ಕಡತಗಳಲ್ಲಿ ಫೋಟೊಗೆ ಮಾಡಿದ ತಿದ್ದುಪಡಿಯ ವಿವರವಿದೆ, ಚಿತ್ರವಿಲ್ಲ.

ತಾಳಮದ್ದಳೆಯ ವೀಡಿಯೊಗಳು ಉದ್ದವಾದವು, ಆದ್ದರಿಂದ ಇದನ್ನು ಒತ್ತಿ ಹೇಳುತ್ತೇನೆ. ಪೆನ್ ಡ್ರೈವ್‌ಗಳು ಎಷ್ಟೋ ವೇಳೆ ಫ್ಯಾಟ್32 ಎಂಬ ರೂಪದಲ್ಲಿ ಬರುತ್ತವೆ, ಅದರಲ್ಲಿ ಒಂದು ಕಡತ 4 ಜಿಬಿ ದಾಟುವಂತಿಲ್ಲ. ಆಪಲ್ ಕೊಡುವ ಲೆಕ್ಕದಂತೆ ಸಾಮಾನ್ಯ 1080ಪಿ ವೀಡಿಯೊ ಎಚ್‌ಇವಿಸಿಯಲ್ಲಿ ನಿಮಿಷಕ್ಕೆ ಸುಮಾರು 60 ಎಂಬಿ, ಒಂದು ಗಂಟೆಗೆ 3.6 ಜಿಬಿ. ಹಳೆಯ ಎಚ್264 ರೂಪದಲ್ಲಿ ಅದರ ಎರಡರಷ್ಟು. ಅರ್ಥ ಬೆಳೆಯುತ್ತ ಹೋದಂತೆ ಕಡತವೂ ಮಿತಿ ದಾಟುತ್ತದೆ. ನಕಲು ಅರ್ಧದಲ್ಲಿ ನಿಲ್ಲುತ್ತದೆ, ಅಥವಾ ‘ಕಡತ ತುಂಬ ದೊಡ್ಡದು’ ಎಂದು ಬರುತ್ತದೆ. ಡಿಸ್ಕನ್ನು ಎಕ್ಸ್‌ಫ್ಯಾಟ್ ರೂಪಕ್ಕೆ ಫಾರ್ಮ್ಯಾಟ್ ಮಾಡಿ. ವಿಂಡೋಸ್, ಮ್ಯಾಕ್ ಎರಡೂ ಅದನ್ನು ಓದುತ್ತವೆ. ಫಾರ್ಮ್ಯಾಟ್ ಎಂದರೆ ಅದರಲ್ಲಿದ್ದದ್ದು ಹೋಗುತ್ತದೆ, ಹಾಗಾಗಿ ಖಾಲಿ ಡಿಸ್ಕಿಗೇ ಮಾಡಿ.

ಇನ್ನು ತಾರೀಖು. ನಕಲು ಮಾಡಿದಾಗ ಕಂಪ್ಯೂಟರ್ ತೋರಿಸುವ ದಿನಾಂಕ ಇವತ್ತಿನದಾಗಿರಬಹುದು. ಚಿಂತೆ ಬೇಡ, ತೆಗೆದ ದಿನ ಫೋಟೊದ ಒಳಗೇ ಎಕ್ಸಿಫ್ ಎಂಬ ಭಾಗದಲ್ಲಿ ದಾಖಲಾಗಿರುತ್ತದೆ. ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶ ಅದನ್ನು ಓದಿ ವರ್ಷ, ತಿಂಗಳ ಪ್ರಕಾರ ಹೆಸರಿಡುತ್ತದೆ. ವೀಡಿಯೊಗಳಲ್ಲಿ ಒಂದು ತೊಡಕಿದೆ: ಅವುಗಳ ಒಂದು ಸಮಯ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ಅಂತರರಾಷ್ಟ್ರೀಯ ಸಮಯದಲ್ಲಿ ಬರೆದಿರುತ್ತದೆ. ಊರಿನ ಬಯಲಾಟದಲ್ಲಿ ಬೆಳಗಿನ ಜಾವ ಎರಡು ಗಂಟೆಗೆ ತೆಗೆದದ್ದು ಹಿಂದಿನ ದಿನದ ರಾತ್ರಿ ಎಂಟೂವರೆ ಎಂದು ದಾಖಲಾಗಿ, ಹಿಂದಿನ ತಾರೀಖಿನ ಫೋಲ್ಡರಿಗೆ ಹೋಗುತ್ತದೆ. ಐಫೋನ್ ವೀಡಿಯೊಗಳಲ್ಲಿ ‘ಕ್ರಿಯೇಶನ್ ಡೇಟ್’ ಎಂದು ಸ್ಥಳೀಯ ಸಮಯವೂ ಇರುತ್ತದೆ, ಅದನ್ನು ಆಧಾರವಾಗಿ ಇಟ್ಟುಕೊಳ್ಳಿ. ಇನ್ನು ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಫೋಟೊ ಎಂದು ಕಳಿಸಿದರೆ ಎಕ್ಸಿಫ್ ಉಳಿಯುವುದಿಲ್ಲ, ಗಾತ್ರವೂ ಇಳಿಯುತ್ತದೆ. ಬಂಧುಗಳಿಗೆ ಮೂಲ ಪ್ರತಿ ಕೊಡುವುದಿದ್ದರೆ ಪೆನ್ ಡ್ರೈವ್‌ನಲ್ಲೇ ಕೊಡಿ.

ಡೊಂಬಿವಲಿ ಪೂರ್ವ:
ಪ್ರೋಗ್ರಾಮ್ ಓಡಿತು. ವೀಡಿಯೊಗಳು ಹೆಸರು ಸಮೇತ ಬಂದಿವೆ. ಒಂದು ವಿಷಯ ಸಂಕೋಚದಿಂದ ಕೇಳುತ್ತೇನೆ. ಅಪ್ಪ ಆಸ್ಪತ್ರೆಯಲ್ಲಿದ್ದಾಗಿನ ಕೆಲವು ಫೋಟೊಗಳೂ ಬಂದಿವೆ. ಫೋನ್ ಸರಿಯಿದ್ದಾಗ ನಾವು ಯಾರೂ ಇವನ್ನು ಅದರ ಗ್ಯಾಲರಿಯಲ್ಲಿ ನೋಡಿರಲಿಲ್ಲ. ಹೇಗೆ ಬಂದವು?

ಹಡಪ್ಸರ್ ಎಂಜಿನಿಯರ್:
ಸಂಕೋಚ ಬೇಡ, ಇದನ್ನು ನಾನು ಮೊದಲೇ ಹೇಳಬೇಕಿದ್ದ ವಿಷಯ. ಫೋನಿನಲ್ಲಿ ‘ಹಿಡನ್’ ಎಂದು ಮರೆಮಾಡಿದ ಫೋಟೊ, ಅಳಿಸಿದ ಮೇಲೆ 30 ದಿನ ‘ರೀಸೆಂಟ್ಲಿ ಡಿಲೀಟೆಡ್’ನಲ್ಲಿ ಉಳಿಯುವ ಫೋಟೊ, ಇವೆಲ್ಲ ಡಿಸಿಐಎಂ ಫೋಲ್ಡರಿನಲ್ಲಿಯೇ ಇತರ ಫೋಟೊಗಳ ಜೊತೆ ಇರುತ್ತವೆ. ಯಾವುದು ಮರೆಯಾದದ್ದು, ಯಾವುದು ಅಳಿಸಿದ್ದು ಎಂಬ ಗುರುತು ಫೋಟೋಸ್ ಎಂಬ ಬೇರೆ ದತ್ತಸಂಚಯದಲ್ಲಿದೆ. ನಾವು ಕಡತಗಳನ್ನು ಮಾತ್ರ ಎತ್ತಿದಾಗ ಆ ಗುರುತು ಹಿಂದೆ ಉಳಿಯುತ್ತದೆ. ಆಲ್ಬಮ್‌ಗಳ ಹೆಸರುಗಳೂ ಅಲ್ಲಿಯೇ ಇವೆ.

ಆದ್ದರಿಂದ ಇಡೀ ಫೋಲ್ಡರನ್ನು ಮನೆಮಂದಿಗೆಲ್ಲ ಹಂಚುವ ಮೊದಲು ತಂದೆಯವರಿಗೆ ಹತ್ತಿರದವರು ಒಬ್ಬರೇ ಕುಳಿತು ನೋಡಿ. ಅವರು ತೋರಿಸಲು ಬಯಸದ ಫೋಟೊಗಳನ್ನು ಬೇರೆ ಇಡಿ. ಬದುಕಿದ್ದವರ ಖಾಸಗಿತನಕ್ಕೆ ಕೊಡುವ ಮರ್ಯಾದೆಯನ್ನೇ ಅವರಿಗೂ ಕೊಡಬೇಕು. ಬ್ಯಾಕಪ್ಪನ್ನು ಗುರುತಿಲ್ಲದ ಅಂಗಡಿಗೆ ಕೊಡದೆ ಇದ್ದದ್ದು ಎಷ್ಟು ಸರಿ ಎಂಬುದು ಇಲ್ಲಿ ಗೊತ್ತಾಗುತ್ತದೆ.

ಠಾಣೆಯ ಓದುಗ:
ಇದು ನನಗೆ ತಿಳಿದಿರಲಿಲ್ಲ. ಒಪ್ಪುತ್ತೇನೆ, ಇಂಥದ್ದು ಮನೆಯೊಳಗೇ ಆಗಬೇಕಾದ ಕೆಲಸ. ಸರಿ, ಹೊರತೆಗೆದ ಮೇಲೆ ಎಲ್ಲಿ ಇಡಬೇಕು? ಮುಂಬಯಿಯ ಈ ತೇವದಲ್ಲಿ ಡಿಸ್ಕ್ ಎಷ್ಟು ಕಾಲ ಬಾಳುತ್ತದೆ?

ಕಲೀನಾ ಹಿರಿಯ:
ಒಂದೇ ಡಿಸ್ಕನ್ನು ಎಂದೂ ನಂಬಬೇಡಿ. 2005ರ ಜುಲೈ 26ರಂದು ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಮೀಠಿ ನದಿ ನಮ್ಮ ನೆಲಮಹಡಿಯೊಳಗೆ ಬಂತು. ಮದುವೆಯ ಆಲ್ಬಮ್, ನೆಗೆಟಿವ್‌ಗಳು, ಕ್ಯಾಸೆಟ್‌ಗಳು ಎಲ್ಲವೂ ಒಂದೇ ಕಪಾಟಿನಲ್ಲಿದ್ದವು, ಒಂದೇ ದಿನ ಹೋದವು. ಉಳಿದದ್ದು ಊರಿಗೆ ಅಂಚೆಯಲ್ಲಿ ಕಳಿಸಿದ್ದ ಕೆಲವು ಫೋಟೊಗಳು ಮಾತ್ರ.

ಆದ್ದರಿಂದ ನಮ್ಮ ಮನೆಯಲ್ಲಿ ಎರಡು ಡಿಸ್ಕ್‌ಗಳು. ಒಂದು ಇಲ್ಲಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮೇಲಿನ ಅಟ್ಟದಲ್ಲಿ. ಇನ್ನೊಂದು ಊರಿನಲ್ಲಿ ತಮ್ಮನ ಮನೆಯಲ್ಲಿ. ಮೇ ತಿಂಗಳಲ್ಲಿ ಮತ್ಸ್ಯಗಂಧಾ ರೈಲಿನಲ್ಲಿ ಊರಿಗೆ ಹೋಗುವಾಗ ಹೊಸ ಫೋಟೊಗಳನ್ನು ಒಯ್ದು ಅಲ್ಲಿಯದಕ್ಕೆ ಸೇರಿಸುತ್ತೇವೆ, ಎರಡನ್ನೂ ಜೋಡಿಸಿ ನೋಡುತ್ತೇವೆ. ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಡಿಸ್ಕನ್ನು ವಿದ್ಯುತ್ ಕೊಡದೆ ವರ್ಷಗಟ್ಟಲೆ ಮುಚ್ಚಿಡಬೇಡಿ, ಅದರಲ್ಲಿನ ಮಾಹಿತಿ ಕ್ರಮೇಣ ಮಾಸಬಹುದು. ಮುಚ್ಚಿಡಲು ತಿರುಗುವ ಹಾರ್ಡ್ ಡಿಸ್ಕೇ ಸರಿ, ಅದನ್ನೂ ಆಗಾಗ ಓಡಿಸಿ ನೋಡಬೇಕು.

ಗ್ರ್ಯಾಂಟ್ ರೋಡ್ ಸರ್ವಿಸ್:
ನಕಲು ಮುಗಿದ ಮೇಲೆ ಕಡತಗಳ ಸಂಖ್ಯೆ, ಒಟ್ಟು ಗಾತ್ರ ಎರಡೂ ಕಡೆ ಸಮನಾಗಿವೆಯೇ ನೋಡಿ. ಮುಖ್ಯವಾದ ವೀಡಿಯೊಗಳನ್ನು ಮೊದಲು, ನಡುವೆ, ಕೊನೆಯಲ್ಲಿ ಓಡಿಸಿ ನೋಡಿ. ಅರ್ಧಕ್ಕೆ ತುಂಡಾದ ವೀಡಿಯೊ ಆರಂಭದಲ್ಲಿ ಚೆನ್ನಾಗಿಯೇ ಓಡಬಹುದು. ಕಡತದ ಒಳಗಿನದನ್ನೆಲ್ಲ ಲೆಕ್ಕಹಾಕಿ ಬರುವ ಎಸ್‌ಎಚ್‌ಎ-256 ಮೊತ್ತವನ್ನು ಎರಡೂ ಕಡೆ ಹೋಲಿಸಿದರೆ ಇನ್ನೂ ಖಚಿತ, ವಿಂಡೋಸ್‌ನಲ್ಲೇ ಸರ್ಟ್‌ಯುಟಿಲ್ ಎಂಬ ಆಜ್ಞೆ ಅದಕ್ಕಿದೆ.

ಡೊಂಬಿವಲಿ ಪೂರ್ವ:
ಎರಡನೆಯ ಡಿಸ್ಕನ್ನೂ ತಂದಿದ್ದೇವೆ. ಇನ್ನೊಂದೇ ಪ್ರಶ್ನೆ. ಅಪ್ಪ ಕಾರ್ಯಕ್ರಮಕ್ಕೆ ಮುಂಚೆ ಮನೆಯಲ್ಲಿ ತಮ್ಮ ಪಾತ್ರದ ಅರ್ಥವನ್ನು ಹೇಳಿ ಹೇಳಿ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಕೇಳುತ್ತಿದ್ದರು. ಅವು ಕ್ಯಾಮೆರಾ ರೋಲ್‌ನಲ್ಲಿ ಇಲ್ಲ. ಜಾಗ ಉಳಿಸಲು ಲ್ಯಾಪ್‌ಟಾಪಿನ ಬ್ಯಾಕಪ್ಪನ್ನು ಅಳಿಸೋಣ ಎನ್ನುತ್ತಿದ್ದಾನೆ ತಮ್ಮ.

ಹಡಪ್ಸರ್ ಎಂಜಿನಿಯರ್:
ಅಳಿಸಬೇಡಿ! ಫೋಟೊ, ವೀಡಿಯೊಗಳು ಆ ಬ್ಯಾಕಪ್ಪಿನ ಒಂದು ಭಾಗ ಮಾತ್ರ. ತಂದೆಯವರು ಫೋನಿನ ಜೊತೆಗೇ ಬರುವ ವಾಯ್ಸ್ ಮೆಮೋಸ್ ಬಳಸಿದ್ದರೆ ಅವೂ ಅಲ್ಲಿರಬೇಕು. ಮ್ಯಾನಿಫೆಸ್ಟಿನಲ್ಲಿ ಕ್ಯಾಮೆರಾ ರೋಲ್ ಸೋಸುಕವನ್ನು ತೆಗೆದು, ದಾರಿಯ ಅಂಕಣದಲ್ಲಿ ‘ರೆಕಾರ್ಡಿಂಗ್ಸ್’ ಎಂದು ಹುಡುಕಿ. ಹಳೆಯ ಐಒಎಸ್‌ನಲ್ಲಿ ಅವು ‘ಮೀಡಿಯಾ ಡೊಮೈನ್’ನಲ್ಲಿರುತ್ತವೆ, ಹೊಸದರಲ್ಲಿ ವಾಯ್ಸ್ ಮೆಮೋಸ್ ಎಂಬ ಹೆಸರು ಸೇರಿದ ವಿಭಾಗದಲ್ಲಿ. ಕಡತಗಳ ಬಾಲ ಎಂ4ಎ. ವಾಟ್ಸ್ಆ್ಯಪ್‌ನಲ್ಲಿ ಯಾರಿಗಾದರೂ ಧ್ವನಿ ಸಂದೇಶವಾಗಿ ಕಳಿಸಿದ್ದರೆ ಅದರ ಹೆಸರಿರುವ ವಿಭಾಗವನ್ನೂ ನೋಡಿ. ಪ್ರೋಗ್ರಾಮಿನಲ್ಲಿ ವಿಭಾಗದ ಹೆಸರು ಒಂದೇ ಕಡೆ ಇದೆ, ಅದನ್ನು ಬದಲಿಸಿ ಮತ್ತೊಮ್ಮೆ ಓಡಿಸಿದರೆ ಸಾಕು. ಎಷ್ಟು ಬಂದವು ಎಂದು ಇಲ್ಲಿ ಬರೆಯಿರಿ. ಒಂದೂ ಸಿಗದಿದ್ದರೆ ಮ್ಯಾನಿಫೆಸ್ಟಿನ ವಿಭಾಗಗಳ ಹೆಸರುಗಳನ್ನಷ್ಟೇ ಕಳಿಸಿ, ಎಲ್ಲಿ ಹುಡುಕಬೇಕೆಂದು ಹೇಳುತ್ತೇನೆ.